ನಿಮ್ಮ ವೆಬ್‌ಸೈಟನ್ನು ಫೈರ್‌ಬೇಸ್‌ಗೆ ಏರಿಸುವುದು ಹೇಗೆ: ಕೊಡಗಿನ ಹೋಂಸ್ಟೇ, ತೋಟದ ಮಾಲೀಕರಿಗೆ ಸಮಗ್ರ ಮಾರ್ಗದರ್ಶಿ

ಹೋಂಸ್ಟೇ ನಡೆಸುವವರು, ತೋಟದ ಕಾಫಿಪುಡಿ, ಕಾಳುಮೆಣಸು, ಜೇನು ಮಾರುವವರು ನಾಲ್ಕು ಪುಟದ ಸ್ವಂತ ವೆಬ್‌ಸೈಟ್ ಮಾಡಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಪುಟಗಳು ಸಿದ್ಧವಾಗುತ್ತವೆ, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಅವನ್ನು ಇಂಟರ್ನೆಟ್ಟಿಗೆ ಏರಿಸುವ ಹೊತ್ತಿಗೆ ಕೆಲಸ ನಿಂತುಬಿಡುತ್ತದೆ. ನನ್ನನ್ನು ಕೇಳುವವರ ದೂರುಗಳು ಮತ್ತೆ ಮತ್ತೆ ಅವೇ: ‘ನನ್ನ ಪುಟದ ಬದಲು ಯಾವುದೋ ಸ್ವಾಗತ ಪುಟ ಬರುತ್ತಿದೆ’, ‘ಪುಟ ಸಿಗಲಿಲ್ಲ ಎನ್ನುತ್ತಿದೆ’, ‘ನನ್ನ ಕಂಪ್ಯೂಟರಿನಲ್ಲಿ ಕಾಣುವ ಫೋಟೋ ಮೊಬೈಲಿನಲ್ಲಿ ಕಾಣುವುದಿಲ್ಲ’. ಇವಕ್ಕೆ ಪುಟ ಬರೆದದ್ದರಲ್ಲಿನ ದೋಷ ಕಾರಣವಾಗುವುದು ಕಡಿಮೆ. ಹಂತ ಹಾರಿಸಿದ್ದು ಅಥವಾ ಸರಿಯಾದ ಕೆಲಸವನ್ನು ತಪ್ಪಾದ ಕ್ರಮದಲ್ಲಿ ಮಾಡಿದ್ದೇ ಹೆಚ್ಚಾಗಿ ಕಾರಣ. ಆದ್ದರಿಂದ ಕೆಳಗಿನ ಮೊದಲ ಒಂಬತ್ತು ಹಂತಗಳಲ್ಲಿ ಯಾವುದನ್ನೂ ಹಾರಿಸಬೇಡಿ, ಹಿಂದುಮುಂದು ಮಾಡಬೇಡಿ.

ಫೈರ್‌ಬೇಸ್ ಎಂಬುದು ಗೂಗಲ್‌ನ ಸೇವೆ; ವೆಬ್‌ಸೈಟಿನ ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಅದರ ಭಾಗವೇ ಹೋಸ್ಟಿಂಗ್. ಇಲ್ಲಿ ಹೇಳುವುದು ಸ್ಥಿರ ವೆಬ್‌ಸೈಟಿನ ಬಗ್ಗೆ ಮಾತ್ರ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಚಿತ್ರಗಳು, ಇಷ್ಟೇ. ಪಿಎಚ್‌ಪಿ ಅಥವಾ ವರ್ಡ್‌ಪ್ರೆಸ್ ಇದ್ದರೆ ಈ ದಾರಿ ನಿಮ್ಮದಲ್ಲ. ಫೈರ್‌ಬೇಸ್ ಹೋಸ್ಟಿಂಗ್ ಪಿಎಚ್‌ಪಿಯನ್ನು ಓಡಿಸುವುದಿಲ್ಲ.

## ಬೇಕಾದ ಸಲಕರಣೆ

ಒಂದು ಕಂಪ್ಯೂಟರ್, ಒಂದು ಗೂಗಲ್ ಖಾತೆ, ನೋಡ್ (ನೋಡ್.ಜೆಎಸ್) ಎಂಬ, ಫೈರ್‌ಬೇಸ್ ಸಾಧನ ಓಡಲು ಬೇಕಾದ ತಂತ್ರಾಂಶ, ಮತ್ತು ಸರಳವಾದ ಬರವಣಿಗೆ ತಂತ್ರಾಂಶ (ನೋಟ್‌ಪ್ಯಾಡ್ ಆದರೂ ಸಾಕು, ವಿಎಸ್ ಕೋಡ್ ಇದ್ದರೆ ಒಳ್ಳೆಯದು). ವಿಂಡೋಸ್ ಬಳಸುವವರೇ ಹೆಚ್ಚಾದ್ದರಿಂದ ಅದನ್ನೇ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇಂಟರ್ನೆಟ್ ವೇಗವಾಗಿ ಇರಬೇಕೆಂದಿಲ್ಲ, ಆದರೆ ನಡುವೆ ಕಡಿಯದೆ ಇದ್ದರೆ ಅನುಕೂಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಭಾಗಮಂಡಲ, ನಾಪೋಕ್ಲು ಕಡೆಯ ಮನೆಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ಎಲ್ಲರಿಗೂ ಗೊತ್ತು. ಹಾಗಿದ್ದರೆ ಹಂತ 3ರ ಡೌನ್‌ಲೋಡುಗಳನ್ನು ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಮುಗಿಸಿಕೊಂಡು ಬನ್ನಿ. ಉಳಿದದ್ದನ್ನು ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಮಾಡಬಹುದು.

ಕಮಾಂಡುಗಳ ಬಗ್ಗೆ ಒಂದು ಮಾತು. ಇಲ್ಲಿ ಅವನ್ನು ಕನ್ನಡ ಲಿಪಿಯಲ್ಲಿ, ಪ್ರತ್ಯೇಕ ಸಾಲಿನಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹಾಕಬೇಕು. ಪದಗಳ ನಡುವಿನ ಖಾಲಿ ಜಾಗ, ಅಡ್ಡಗೆರೆ (-), ವಿವರಣ ಚಿಹ್ನೆ (:) ಇಲ್ಲಿ ಇರುವಂತೆಯೇ ಇರಲಿ. ಎರಡು ಅಡ್ಡಗೆರೆ ಇರುವಲ್ಲಿ ಎರಡೇ ಇರಬೇಕು. ವಾಟ್ಸ್‌ಆ್ಯಪ್ ಸಂದೇಶದಿಂದಲೋ ವರ್ಡ್ ಫೈಲಿನಿಂದಲೋ ನಕಲು ಮಾಡಿದರೆ ಎರಡು ಅಡ್ಡಗೆರೆಗಳು ಕೂಡಿ ಒಂದು ಉದ್ದಗೆರೆ ಆಗಿಬಿಡುವುದುಂಟು. ನೋಡಲು ಒಂದೇ ಥರ, ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಅಕ್ಷರ. ಕಮಾಂಡನ್ನು ಕೈಯಾರೆ ಟೈಪ್ ಮಾಡುವುದೇ ಕ್ಷೇಮ.

## ಹಂತ 1: ಫೋಲ್ಡರನ್ನು ಸರಿಪಡಿಸಿಕೊಳ್ಳಿ

ಅರ್ಧಕ್ಕಿಂತ ಹೆಚ್ಚು ತೊಂದರೆಗಳು ಇಲ್ಲೇ ಹುಟ್ಟುತ್ತವೆ. ಕಾಣಿಸಿಕೊಳ್ಳುವುದು ಮಾತ್ರ ಕೊನೆಯಲ್ಲಿ.

ಸಿ ಡ್ರೈವಿನಲ್ಲೋ ಡಿ ಡ್ರೈವಿನಲ್ಲೋ ಹೊಸದಾಗಿ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇರಲಿ, ‘ತೋಟ-ಸೈಟ್’ ಎಂದಿಟ್ಟುಕೊಳ್ಳೋಣ. ಇದು ಹೊರ ಫೋಲ್ಡರ್. ಇದರೊಳಗೆ ‘ಪಬ್ಲಿಕ್’ ಎಂಬ ಇನ್ನೊಂದು ಫೋಲ್ಡರ್ ಮಾಡಿ. ನಿಮ್ಮ ವೆಬ್‌ಸೈಟಿನ ಎಲ್ಲ ಫೈಲುಗಳು ಪಬ್ಲಿಕ್ ಒಳಗೆ ಹೋಗಬೇಕು. ಕಮಾಂಡುಗಳನ್ನು ಓಡಿಸುವುದು ಹೊರ ಫೋಲ್ಡರಿನಿಂದ. ಈ ವ್ಯತ್ಯಾಸ ಮನಸ್ಸಿನಲ್ಲಿ ನಿಂತರೆ ಮುಂದಿನ ದಾರಿ ಸುಲಭ.

ಮುಖಪುಟದ ಫೈಲಿನ ಹೆಸರು ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂದೇ ಇರಬೇಕು, ಮತ್ತು ಅದು ಪಬ್ಲಿಕ್ ಫೋಲ್ಡರನ್ನು ತೆರೆದ ಕೂಡಲೇ ಕಾಣಬೇಕು. ಡಿಸೈನರ್ ಕಳಿಸಿದ ಜಿಪ್ ಫೈಲನ್ನು ಬಿಚ್ಚಿದಾಗ ಒಳಗೊಂದು, ಅದರೊಳಗೆ ಮತ್ತೊಂದು ಫೋಲ್ಡರ್ ಇರುವುದು ಸಾಮಾನ್ಯ. ಅದನ್ನು ಹಾಗೇ ಪಬ್ಲಿಕ್‌ಗೆ ಹಾಕಿದರೆ ಮುಖಪುಟ ಎರಡು ಮೆಟ್ಟಿಲು ಕೆಳಗೆ ಕೂತಿರುತ್ತದೆ. ತಾಣ ತೆರೆದಾಗ ‘ಪುಟ ಸಿಗಲಿಲ್ಲ’ ಎಂಬ ಸಂದೇಶವೋ ಫೈರ್‌ಬೇಸ್‌ನ ಸ್ವಾಗತ ಪುಟವೋ ಬರುತ್ತದೆ.

ಫೈಲಿನ ಹೆಸರುಗಳನ್ನು ಒಂದೊಂದಾಗಿ ನೋಡಿ. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲು ನಿಮಗೆ ಇಂಡೆಕ್ಸ್.ಎಚ್‌ಟಿಎಂಎಲ್ ಎಂದು ಕಂಡರೂ ನಿಜವಾದ ಹೆಸರಿನ ಕೊನೆಗೆ .ಟಿಎಕ್ಸ್‌ಟಿ ಅಂಟಿಕೊಂಡಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಪೂರ್ಣ ಹೆಸರು ಕಾಣುತ್ತದೆ.

ಇನ್ನೊಂದು ಮುಖ್ಯ ವಿಷಯ ದೊಡ್ಡ ಅಕ್ಷರ, ಸಣ್ಣ ಅಕ್ಷರ. ವಿಂಡೋಸ್‌ಗೆ ಇವೆರಡೂ ಒಂದೇ. ಫೈರ್‌ಬೇಸ್‌ಗೆ ಬೇರೆ ಬೇರೆ. ಮೊಬೈಲ್ ಅಥವಾ ಕ್ಯಾಮೆರಾದಿಂದ ಬಂದ ಫೋಟೋಗಳ ಬಾಲ ಹಲವೊಮ್ಮೆ ಜೆಪಿಜಿ ಎಂದು ದೊಡ್ಡ ಅಕ್ಷರದಲ್ಲಿ ಇರುತ್ತದೆ, ಪುಟದಲ್ಲಿ ನೀವು ಸಣ್ಣ ಅಕ್ಷರದಲ್ಲಿ ಬರೆದಿರುತ್ತೀರಿ. ಮನೆಯಲ್ಲಿ ಫೋಟೋ ಕಾಣುತ್ತದೆ, ಇಂಟರ್ನೆಟ್ಟಿನಲ್ಲಿ ಕಾಣುವುದಿಲ್ಲ. ಎಲ್ಲ ಫೈಲ್ ಹೆಸರುಗಳನ್ನೂ ಸಣ್ಣ ಅಕ್ಷರಕ್ಕೆ ಬದಲಿಸಿ, ಪುಟದೊಳಗೂ ಹಾಗೆಯೇ ತಿದ್ದಿ. ಪುಟದೊಳಗಿನ ಯಾವುದೇ ಚಿತ್ರದ ವಿಳಾಸ ‘ಸಿ:’ ಎಂದು ಶುರುವಾಗಿದ್ದರೆ ಅದು ನಿಮ್ಮ ಕಂಪ್ಯೂಟರಿನ ವಿಳಾಸ, ಬೇರೆಯವರಿಗೆ ಸಿಗದು.

ಕನ್ನಡ ಪುಟ ಇರುವವರು ಇದನ್ನೂ ನೋಡಿಕೊಳ್ಳಿ. ಹಳೆಯ ನುಡಿ ಅಥವಾ ಬರಹದಲ್ಲಿ ಯೂನಿಕೋಡ್ ಅಲ್ಲದ ವಿಧಾನದಲ್ಲಿ ಟೈಪ್ ಮಾಡಿದ ಪಠ್ಯ, ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಫೈಲನ್ನು ಯುಟಿಎಫ್-8 ಆಗಿ ಉಳಿಸಿ.

ಕೊನೆಯದಾಗಿ, ಬಹಳ ಗಂಭೀರವಾದ ಎಚ್ಚರಿಕೆ. ಪಬ್ಲಿಕ್ ಫೋಲ್ಡರಿನಲ್ಲಿ ಇಟ್ಟ ಫೈಲುಗಳು ಜಗತ್ತಿಗೇ ತೆರೆದಿರುತ್ತವೆ. ಪುಟದಲ್ಲಿ ಲಿಂಕ್ ಕೊಡದಿದ್ದರೂ ವಿಳಾಸ ಊಹಿಸಿದವರು ತೆರೆಯಬಹುದು. ಹೋಂಸ್ಟೇ ನಡೆಸುವವರ ಲ್ಯಾಪ್‌ಟಾಪಿನಲ್ಲಿ ಅತಿಥಿಗಳ ಆಧಾರ್ ಪ್ರತಿ, ಬುಕಿಂಗ್ ಎಕ್ಸೆಲ್, ಫೋನ್ ಸಂಖ್ಯೆಗಳ ಪಟ್ಟಿ ಇದ್ದೇ ಇರುತ್ತದೆ. ನಮ್ಮನ್ನು ನಂಬಿ ಗುರುತಿನ ಚೀಟಿ ಕೊಟ್ಟವರಿಗೆ ನಾವು ಉತ್ತರಿಸಬೇಕಾದವರು. ಇಂಥ ಒಂದು ಫೈಲೂ ಪಬ್ಲಿಕ್ ಒಳಗೆ ಇಲ್ಲವೆಂದು ಕಣ್ಣಾರೆ ನೋಡಿದ ಮೇಲೆಯೇ ಮುಂದೆ ಹೋಗಿ.

## ಹಂತ 2: ಫೋಟೋಗಳ ತೂಕ ಇಳಿಸಿ

ಈ ಹಂತವನ್ನು ಆಮೇಲೆ ಮಾಡಿದರಾಯಿತು ಎಂದು ಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ; ಇದು ಅಲಂಕಾರದ ಮಾತಲ್ಲ, ಲೆಕ್ಕದ ಮಾತು.

ಫೈರ್‌ಬೇಸ್‌ನ ಉಚಿತ ಯೋಜನೆಗೆ ಸ್ಪಾರ್ಕ್ ಎಂದು ಹೆಸರು. ಅದರಲ್ಲಿ ಹೋಸ್ಟಿಂಗ್‌ಗೆ 10 ಜಿಬಿ ಸಂಗ್ರಹ, ದಿನಕ್ಕೆ 360 ಎಂಬಿ ದತ್ತಾಂಶ ಸಾಗಣೆ ಸಿಗುತ್ತದೆ. ಸಂಗ್ರಹದ ಮಿತಿ ನಿಮ್ಮನ್ನು ಕಾಡುವುದಿಲ್ಲ, ದಿನದ ಮಿತಿ ಕಾಡುತ್ತದೆ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ 4 ಎಂಬಿ ಇದ್ದರೆ ಆಶ್ಚರ್ಯವಿಲ್ಲ. ಮುಖಪುಟದಲ್ಲಿ ಮನೆಯ ಅಂಗಳ, ತೋಟ, ಊಟದ ಮೇಜು ಎಂದು ಮೂರು ಫೋಟೋ ಹಾಕಿದರೆ 12 ಎಂಬಿ. 360ನ್ನು 12ರಿಂದ ಭಾಗಿಸಿ: ದಿನಕ್ಕೆ 30 ಜನ ಹೊಸಬರು ಮುಖಪುಟ ತೆರೆದರೆ ಮಿತಿ ಮುಗಿಯಿತು. ಮಿತಿ ಮುಗಿದರೆ ತಾಣ ಸ್ಥಗಿತವಾಗುತ್ತದೆ. ಅದು ಆಗುವುದು ಯಾವ ದಿನ? ಜನ ಹೆಚ್ಚು ಹುಡುಕುವ ದಿನವೇ: ಮೂರು ದಿನದ ರಜೆಯ ಹಿಂದಿನ ವಾರ, ಡಿಸೆಂಬರಿನ ಕೊನೆ, ಅಕ್ಟೋಬರಿನಲ್ಲಿ ತಲಕಾವೇರಿಯ ತೀರ್ಥೋದ್ಭವದ ಸುತ್ತಮುತ್ತ. ಕೋಣೆ ಬೇಕೆಂದು ಹುಡುಕಿ ಬಂದವರಿಗೆ ಬಾಗಿಲು ಮುಚ್ಚಿದಂತಾಗುತ್ತದೆ.

ಅದೇ ಮುಖಪುಟವನ್ನು 1 ಎಂಬಿಗೆ ಇಳಿಸಿದರೆ 360 ಜನರಿಗೆ ಸಾಕು. ಇಳಿಸುವುದು ಹೀಗೆ: ಬ್ರೌಸರಿನಲ್ಲೇ ಕೆಲಸ ಮಾಡುವ ಸ್ಕ್ವೂಶ್ ಎಂಬ ಉಚಿತ ಸಾಧನವನ್ನು ತೆರೆಯಿರಿ. ಫೋಟೋವನ್ನು ಅದರೊಳಗೆ ಎಳೆದು ಹಾಕಿ. ಅಗಲವನ್ನು 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪವನ್ನು ಆರಿಸಿ, ಗುಣಮಟ್ಟವನ್ನು 75ರ ಆಸುಪಾಸಿಗೆ ಇಡಿ. ಬಹುಪಾಲು ಫೋಟೋಗಳು ಕೆಲವು ನೂರು ಕೆಬಿಗೆ ಇಳಿಯುತ್ತವೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ದಟ್ಟ ಹಸಿರು, ಮಂಜು ಇರುವ ಚಿತ್ರಗಳಲ್ಲಿ ಗುಣಮಟ್ಟ ತೀರಾ ಇಳಿಸಿದರೆ ಮಂಜು ಪಟ್ಟೆಪಟ್ಟೆಯಾಗಿ ಒಡೆದು ಕಾಣುತ್ತದೆ. ನಮ್ಮ ಊರಿನ ಚಿತ್ರಗಳಲ್ಲಿ ಇದನ್ನು ಎರಡು ಸಲ ನೋಡಬೇಕು. ಬಾಲ ಬದಲಾಗಿರುವುದರಿಂದ ಪುಟದೊಳಗಿನ ಹೆಸರನ್ನೂ ತಿದ್ದಲು ಮರೆಯಬೇಡಿ.

ವಿಡಿಯೋವನ್ನು ಪಬ್ಲಿಕ್ ಫೋಲ್ಡರಿಗೆ ಹಾಕಲೇಬೇಡಿ. ಯೂಟ್ಯೂಬಿಗೆ ಏರಿಸಿ ಲಿಂಕ್ ಕೊಡಿ.

## ಹಂತ 3: ನೋಡ್ ಮತ್ತು ಫೈರ್‌ಬೇಸ್ ಸಾಧನ

ನೋಡ್‌ನ ಅಧಿಕೃತ ತಾಣದಿಂದ ಎಲ್‌ಟಿಎಸ್ ಎಂದು ಗುರುತಿಸಿರುವ ಆವೃತ್ತಿಯನ್ನು ಇಳಿಸಿಕೊಂಡು ಸ್ಥಾಪಿಸಿ. ಕೇಳುವ ಪ್ರಶ್ನೆಗಳಿಗೆಲ್ಲ ಇರುವಂತೆಯೇ ಮುಂದುವರಿಯಿರಿ. ಹಳೆಯ ನೋಡ್ ಮೊದಲೇ ಇದ್ದರೆ ಅದನ್ನು ಹೊಸದಕ್ಕೆ ಏರಿಸಿ. ಫೈರ್‌ಬೇಸ್ ಸಾಧನ ಹಳೆಯ ಆವೃತ್ತಿಗಳನ್ನು ಒಪ್ಪುವುದಿಲ್ಲ.

ಈಗ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಇದಕ್ಕೊಂದು ಸುಲಭ ದಾರಿ ಇದೆ: ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತೋಟ-ಸೈಟ್ ಫೋಲ್ಡರನ್ನು ತೆರೆಯಿರಿ, ಮೇಲಿನ ವಿಳಾಸಪಟ್ಟಿಯಲ್ಲಿ ಕ್ಲಿಕ್ ಮಾಡಿ ‘ಸಿಎಂಡಿ’ ಎಂದು ಇಂಗ್ಲಿಷಿನ ಮೂರು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ಅದೇ ಫೋಲ್ಡರಿನಲ್ಲಿ ತೆರೆದುಕೊಳ್ಳುತ್ತದೆ. ಸ್ಟಾರ್ಟ್ ಮೆನುವಿನಿಂದ ತೆರೆದರೆ ಕಿಟಕಿ ಬೇರೆ ಫೋಲ್ಡರಿನಲ್ಲಿ ನಿಂತಿರುತ್ತದೆ. ಮುಂದಿನ ಎಲ್ಲ ಹಂತಗಳಲ್ಲೂ ಹೀಗೆಯೇ ತೆರೆಯುವುದನ್ನು ರೂಢಿ ಮಾಡಿಕೊಳ್ಳಿ. ನಂತರ ಇದನ್ನು ಟೈಪ್ ಮಾಡಿ:

ಎನ್‌ಪಿಎಂ ಇನ್‌ಸ್ಟಾಲ್ -ಜಿ ಫೈರ್‌ಬೇಸ್-ಟೂಲ್ಸ್

ಇದು ಹೊತ್ತು ತೆಗೆದುಕೊಳ್ಳುತ್ತದೆ. ನಡುವೆ ‘ವಾರ್ನ್’ ಎಂದು ಶುರುವಾಗುವ ಸಾಲುಗಳು ಬಂದರೆ ಗಾಬರಿ ಬೇಡ, ಅವು ಸೂಚನೆಗಳಷ್ಟೇ. ‘ಎರರ್’ ಎಂಬ ಸಾಲು ಬಂದರೆ ಮಾತ್ರ ನಿಲ್ಲಿಸಿ ಓದಿ. ಮಳೆಗಾಲದಲ್ಲಿ ಬಹುತೇಕ ಅದು ನೆಟ್‌ವರ್ಕ್ ಕಡಿದದ್ದರ ಸೂಚನೆ, ಅದೇ ಕಮಾಂಡನ್ನು ಮತ್ತೆ ಓಡಿಸಿದರೆ ಸಾಕು. ಮುಗಿದ ಮೇಲೆ ಪರೀಕ್ಷೆ:

ಫೈರ್‌ಬೇಸ್ --ವರ್ಷನ್

ಒಂದು ಸಂಖ್ಯೆ ಕಂಡರೆ ಎಲ್ಲ ಸರಿ. ‘ಫೈರ್‌ಬೇಸ್ ಎಂಬ ಕಮಾಂಡ್ ಗುರುತಿಸಲಾಗಿಲ್ಲ’ ಎಂಬರ್ಥದ ಸಾಲು ಬಂದರೆ ಕಪ್ಪು ಕಿಟಕಿಯನ್ನು ಮುಚ್ಚಿ ಹೊಸದಾಗಿ ತೆರೆಯಿರಿ. ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ಸ್ಥಾಪನೆಯ ಸುಳಿವು ಇರುವುದಿಲ್ಲ. ನೀಲಿ ಬಣ್ಣದ ಪವರ್‌ಶೆಲ್ ಬಳಸುವವರಿಗೆ ‘ಸ್ಕ್ರಿಪ್ಟ್ ಓಡಿಸುವುದನ್ನು ಈ ವ್ಯವಸ್ಥೆಯಲ್ಲಿ ನಿಷೇಧಿಸಲಾಗಿದೆ’ ಎಂಬ ಕೆಂಪು ಸಂದೇಶ ಬರಬಹುದು. ಅದಕ್ಕಾಗಿ ಭದ್ರತೆಯ ಸೆಟ್ಟಿಂಗ್ ಬದಲಿಸುವ ಅಗತ್ಯವಿಲ್ಲ, ಕಮಾಂಡ್ ಪ್ರಾಂಪ್ಟ್ ಬಳಸಿ.

## ಹಂತ 4: ಖಾತೆ ಯಾರದು, ಪ್ರಾಜೆಕ್ಟಿನ ಹೆಸರೇನು

ಬೆಂಗಳೂರಿನಲ್ಲಿರುವ ಅಣ್ಣನ ಮಗನೋ ಮೈಸೂರಿನಲ್ಲಿ ಓದುತ್ತಿರುವ ಮಗಳೋ ತಮ್ಮ ಖಾತೆಯಲ್ಲೇ ಎಲ್ಲವನ್ನೂ ಮಾಡಿಕೊಡುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಎರಡು ವರ್ಷದ ಮೇಲೆ ಬಾಡಿಗೆ ದರ ಬದಲಿಸಬೇಕಾದಾಗ ಖಾತೆ ಯಾರದೆಂದು ಗೊತ್ತಿಲ್ಲ, ಪಾಸ್‌ವರ್ಡ್ ಯಾರ ಬಳಿಯೂ ಇಲ್ಲ. ಆದ್ದರಿಂದ ಪ್ರಾಜೆಕ್ಟ್ ಹೋಂಸ್ಟೇ ಮಾಲೀಕರ ಗೂಗಲ್ ಖಾತೆಯಲ್ಲೇ ಹುಟ್ಟಬೇಕು. ಮಾಡಿಕೊಡುವವರನ್ನು ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ಬಳಕೆದಾರರು ಮತ್ತು ಅನುಮತಿಗಳ ವಿಭಾಗದಲ್ಲಿ ಸೇರಿಸಿಕೊಂಡರೆ ಅವರೂ ಕೆಲಸ ಮಾಡಬಹುದು.

ಬ್ರೌಸರಿನಲ್ಲಿ ಫೈರ್‌ಬೇಸ್ ಕನ್ಸೋಲ್ (ಫೈರ್‌ಬೇಸ್‌ನ ನಿರ್ವಹಣಾ ಪುಟ) ತೆರೆದು ಹೊಸ ಪ್ರಾಜೆಕ್ಟ್ ರಚಿಸಿ. ಹೆಸರು ಕೊಟ್ಟಾಗ ಅದರ ಕೆಳಗೆ ಸಣ್ಣದಾಗಿ ಪ್ರಾಜೆಕ್ಟ್ ಐಡಿ ಕಾಣುತ್ತದೆ. ಅನೇಕರು ಅದನ್ನು ನೋಡುವುದೇ ಇಲ್ಲ. ನಿಮ್ಮ ಉಚಿತ ವಿಳಾಸ ಹುಟ್ಟುವುದು ಆ ಐಡಿಯಿಂದ: ಐಡಿ, ಅದರ ಮುಂದೆ ‘.ವೆಬ್.ಆ್ಯಪ್’. ನಿಮ್ಮ ಹೆಸರು ಬೇರೆಯವರಿಗೆ ಆಗಲೇ ಹೋಗಿದ್ದರೆ ಗೂಗಲ್ ತಾನೇ ಬಾಲಕ್ಕೆ ಅಡ್ಡಾದಿಡ್ಡಿ ಅಕ್ಷರ ಸೇರಿಸುತ್ತದೆ. ಐಡಿಯ ಮೇಲೆ ಕ್ಲಿಕ್ ಮಾಡಿ ನಿಮಗೆ ಒಪ್ಪುವಂಥದ್ದನ್ನು ಹಾಕಿ. ಊರಿನ ಹೆಸರು ಸೇರಿಸಿದರೆ ಸಾಮಾನ್ಯವಾಗಿ ಸಿಗುತ್ತದೆ. ಪ್ರಾಜೆಕ್ಟ್ ಒಮ್ಮೆ ರಚನೆಯಾದ ಮೇಲೆ ಐಡಿಯನ್ನು ಬದಲಿಸಲಾಗದು. ಗೂಗಲ್ ಅನಲಿಟಿಕ್ಸ್ ಬೇಕೇ ಎಂದು ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ.

## ಹಂತ 5: ಲಾಗಿನ್

ಫೈರ್‌ಬೇಸ್ ಲಾಗಿನ್

ಬ್ರೌಸರ್ ತಾನಾಗಿ ತೆರೆಯುತ್ತದೆ. ಹಂತ 4ರ ಖಾತೆಯನ್ನೇ ಆರಿಸಿ ಅನುಮತಿ ಕೊಡಿ. ಬ್ರೌಸರಿನಲ್ಲಿ ಹಲವು ಖಾತೆಗಳಿದ್ದರೆ ಇಲ್ಲಿ ಕೈತಪ್ಪುವುದು ಸುಲಭ. ತಪ್ಪು ಖಾತೆ ಆರಿಸಿದರೆ ಮುಂದಿನ ಹಂತದಲ್ಲಿ ನಿಮ್ಮ ಪ್ರಾಜೆಕ್ಟ್ ಪಟ್ಟಿಯಲ್ಲೇ ಇರುವುದಿಲ್ಲ. ಹಾಗಾದರೆ ‘ಫೈರ್‌ಬೇಸ್ ಲಾಗ್‌ಔಟ್’ ಕೊಟ್ಟು ಮತ್ತೆ ಲಾಗಿನ್ ಆಗಿ. ಬಹಳ ದಿನಗಳ ನಂತರ ಬಂದಾಗ ‘ನಿಮ್ಮ ಗುರುತು ಈಗ ಮಾನ್ಯವಲ್ಲ’ ಎಂಬ ದೋಷ ಬಂದರೆ ಇದನ್ನು ಕೊಡಿ (ಕೊನೆಯ ಪದದ ಅಕ್ಷರಗಳು ಆರ್, ಇ, ಎ, ಯು, ಟಿ, ಎಚ್):

ಫೈರ್‌ಬೇಸ್ ಲಾಗಿನ್ --ರೀಆಥ್

ಸೈಬರ್ ಕೆಫೆಯ ಅಥವಾ ಸ್ನೇಹಿತರ ಕಂಪ್ಯೂಟರಿನಲ್ಲಿ ಮಾಡುತ್ತಿದ್ದರೆ ಕೆಲಸ ಮುಗಿದ ಕೂಡಲೇ ಲಾಗ್‌ಔಟ್ ಆಗಲೇಬೇಕು. ಬ್ರೌಸರಿನಲ್ಲಿ ಮಾತ್ರ ಹೊರಬಂದರೆ ಸಾಲದು, ಕಪ್ಪು ಕಿಟಕಿಯ ಸಾಧನಕ್ಕೆ ಅದರದೇ ಲಾಗಿನ್ ಇರುತ್ತದೆ.

## ಹಂತ 6: ಇನಿಟ್, ಎಚ್ಚರದಿಂದ ಉತ್ತರಿಸಬೇಕಾದ ಪ್ರಶ್ನೆಗಳು

ಇನಿಟ್ ಎಂದರೆ ನಿಮ್ಮ ಫೋಲ್ಡರನ್ನು ಪ್ರಾಜೆಕ್ಟಿಗೆ ಜೋಡಿಸುವ ಕೆಲಸ. ಇದನ್ನು ಶುರುಮಾಡುವ ಮುನ್ನ ಪಬ್ಲಿಕ್ ಫೋಲ್ಡರಿನ ಒಂದು ನಕಲನ್ನು ಪೆನ್‌ಡ್ರೈವಿಗೆ ಹಾಕಿಡಿ. ಕಾರಣ ಸ್ವಲ್ಪದರಲ್ಲೇ ತಿಳಿಯುತ್ತದೆ.

ಕಪ್ಪು ಕಿಟಕಿ ಹೊರ ಫೋಲ್ಡರಿನಲ್ಲೇ ಇದೆಯೇ ಎಂದು ನೋಡಲು ‘ಡಿಐಆರ್’ ಎಂದು ಟೈಪ್ ಮಾಡಿ. ಪಟ್ಟಿಯಲ್ಲಿ ಪಬ್ಲಿಕ್ ಎಂಬ ಹೆಸರು ಕಾಣಬೇಕು. ಇಂಡೆಕ್ಸ್.ಎಚ್‌ಟಿಎಂಎಲ್ ಕಂಡರೆ ನೀವು ಒಂದು ಮೆಟ್ಟಿಲು ಒಳಗೆ ಹೋಗಿದ್ದೀರಿ ಎಂದರ್ಥ, ಹೊರಗೆ ಬನ್ನಿ. ಈಗ:

ಫೈರ್‌ಬೇಸ್ ಇನಿಟ್ ಹೋಸ್ಟಿಂಗ್

ಕೊನೆಯ ಪದ ಬಿಟ್ಟು ಬರೀ ಇನಿಟ್ (ಐ, ಎನ್, ಐ, ಟಿ) ಎಂದರೆ ಫೈರ್‌ಬೇಸ್‌ನ ಎಲ್ಲ ಸೇವೆಗಳ ಉದ್ದ ಪಟ್ಟಿ ಬರುತ್ತದೆ. ಅಲ್ಲಿ ಆರಿಸಲು ಸ್ಪೇಸ್ ಕೀ ಒತ್ತಬೇಕು, ಎಂಟರ್ ಅಲ್ಲ. ಹೊಸಬರು ಎಂಟರ್ ಒತ್ತಿ ಏನನ್ನೂ ಆರಿಸದೆ ಮುಂದೆ ಹೋಗುತ್ತಾರೆ. ‘ಹೋಸ್ಟಿಂಗ್’ ಸೇರಿಸಿದರೆ ಆ ಗೊಂದಲವೇ ಇಲ್ಲ.

ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಆವೃತ್ತಿಯಿಂದ ಆವೃತ್ತಿಗೆ ಮಾತು ಕೊಂಚ ಬದಲಾಗಬಹುದು, ಸಾರ ಇದೇ.

ಯಾವ ಪ್ರಾಜೆಕ್ಟ್? ಈಗಾಗಲೇ ಇರುವ ಪ್ರಾಜೆಕ್ಟ್ ಎಂಬುದನ್ನು ಆರಿಸಿ, ಪಟ್ಟಿಯಿಂದ ನಿಮ್ಮದನ್ನು ತೆಗೆದುಕೊಳ್ಳಿ.

ಪಬ್ಲಿಕ್ ಡೈರೆಕ್ಟರಿ ಯಾವುದು? ಆವರಣದಲ್ಲಿ ‘ಪಬ್ಲಿಕ್’ ಎಂದೇ ಇರುತ್ತದೆ, ಎಂಟರ್ ಒತ್ತಿ. ಇಲ್ಲಿ ಪ್ರಶ್ನೆ ಅರ್ಥವಾಗದೆ ‘ವೈ’ ಎಂದು ಟೈಪ್ ಮಾಡುವವರಿದ್ದಾರೆ. ಆಗ ‘ವೈ’ ಎಂಬ ಹೆಸರಿನ ಫೋಲ್ಡರ್ ಹುಟ್ಟಿ, ತಾಣ ಅಲ್ಲಿಂದ ಹೋಗುತ್ತದೆ. ಲೈವ್ ತಾಣದಲ್ಲಿ ‘ಫೈರ್‌ಬೇಸ್ ಹೋಸ್ಟಿಂಗ್ ಸೆಟಪ್ ಕಂಪ್ಲೀಟ್’ ಎಂಬ ಸ್ವಾಗತ ಪುಟ ಬರಲು ಇದು ಒಂದು ಕಾರಣ.

ಸಿಂಗಲ್ ಪೇಜ್ ಆ್ಯಪ್ ಆಗಿ ಹೊಂದಿಸಬೇಕೇ? ಬೇಡ, ‘ಎನ್’ ಒತ್ತಿ. ಹೌದು ಎಂದರೆ, ಇಲ್ಲದ ಪುಟದ ವಿಳಾಸ ಕೇಳಿದರೂ ಮುಖಪುಟವೇ ತೆರೆದುಕೊಳ್ಳುತ್ತದೆ; ಯಾವ ಲಿಂಕ್ ಮುರಿದಿದೆ ಎಂದು ಪತ್ತೆಯೇ ಆಗುವುದಿಲ್ಲ. ರಿಯಾಕ್ಟ್‌ನಂಥ ಚೌಕಟ್ಟಿನಲ್ಲಿ ಕಟ್ಟಿದವರಿಗೆ ಮಾತ್ರ ಅದು ಬೇಕು.

ಗಿಟ್‌ಹಬ್ ಮೂಲಕ ತಾನಾಗಿ ಏರಿಸಬೇಕೇ? ಬೇಡ.

ಇಂಡೆಕ್ಸ್.ಎಚ್‌ಟಿಎಂಎಲ್ ಈಗಾಗಲೇ ಇದೆ, ಅದರ ಮೇಲೆ ಬರೆಯಬೇಕೇ? ಇಲ್ಲಿ ‘ಎನ್’. ಹಿಂದಿನ ಪ್ರಶ್ನೆಗಳ ಭರದಲ್ಲಿ ‘ವೈ’ ಒತ್ತಿದರೆ ನೀವು ಕಷ್ಟಪಟ್ಟು ಮಾಡಿದ ಮುಖಪುಟ ಹೋಗಿ ಅದರ ಜಾಗದಲ್ಲಿ ಫೈರ್‌ಬೇಸ್‌ನ ಸ್ವಾಗತ ಪುಟ ಬಂದು ಕೂರುತ್ತದೆ. ರೀಸೈಕಲ್ ಬಿನ್‌ನಲ್ಲೂ ಹಳೆಯದು ಸಿಗುವುದಿಲ್ಲ. ಪೆನ್‌ಡ್ರೈವಿನ ನಕಲು ಇದಕ್ಕಾಗಿಯೇ.

ಇನ್ನೊಂದು ಎಚ್ಚರಿಕೆಯ ಗುರುತು ಇದೆ: ಈ ಪ್ರಶ್ನೆ ಬರಲೇ ಇಲ್ಲವೆಂದರೆ ಅದು ಒಳ್ಳೆಯ ಸುದ್ದಿಯಲ್ಲ. ಪಬ್ಲಿಕ್ ಫೋಲ್ಡರಿನಲ್ಲಿ ನಿಮ್ಮ ಮುಖಪುಟ ಸಾಧನಕ್ಕೆ ಕಾಣಲಿಲ್ಲ ಎಂದರ್ಥ. ಹಂತ 1ಕ್ಕೆ ಹಿಂದಿರುಗಿ.

ಮುಗಿದಾಗ ಹೊರ ಫೋಲ್ಡರಿನಲ್ಲಿ ಎರಡು ಮುಖ್ಯ ಹೊಸ ಫೈಲುಗಳು ಇರುತ್ತವೆ: ಫೈರ್‌ಬೇಸ್.ಜೇಸನ್, ಮತ್ತು ಚುಕ್ಕಿಯಿಂದ ಶುರುವಾಗುವ ಫೈರ್‌ಬೇಸ್‌ಆರ್‌ಸಿ. ಮೊದಲನೆಯದರಲ್ಲಿ ಯಾವ ಫೋಲ್ಡರ್ ಏರಬೇಕು ಎಂಬುದಿದೆ, ಎರಡನೆಯದರಲ್ಲಿ ಯಾವ ಪ್ರಾಜೆಕ್ಟಿಗೆ ಎಂಬುದಿದೆ. ಎರಡನ್ನೂ ಅಳಿಸಬೇಡಿ. ಇನಿಟ್ ಒಂದೇ ಸಲದ ಕೆಲಸ. ಮುಂದೆ ದರ ಬದಲಿಸಿದಾಗ, ಫೋಟೋ ಸೇರಿಸಿದಾಗ ಮತ್ತೆ ಓಡಿಸಬೇಕಿಲ್ಲ.

## ಹಂತ 7: ನಿಮ್ಮ ಕಂಪ್ಯೂಟರಿನಲ್ಲೇ ನೋಡಿ

ಫೈರ್‌ಬೇಸ್ ಸರ್ವ್ --ಓನ್ಲಿ ಹೋಸ್ಟಿಂಗ್

ಲೋಕಲ್‌ಹೋಸ್ಟ್ ಎಂದು ಶುರುವಾಗುವ, ಕೊನೆಯಲ್ಲಿ ಸಾಮಾನ್ಯವಾಗಿ 5000 ಎಂಬ ಸಂಖ್ಯೆ ಇರುವ ವಿಳಾಸ ಕಾಣುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದು ಎಲ್ಲ ಪುಟಗಳನ್ನೂ ಕ್ಲಿಕ್ ಮಾಡಿ ನೋಡಿ. ಈ ವಿಳಾಸ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ, ಬೇರೆಯವರಿಗೆ ಕಳಿಸಬೇಡಿ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ.

ಇಲ್ಲಿ ಎಲ್ಲ ಸರಿಯಾಗಿ ಕಂಡಿತೆಂದು ನೇರ ಡಿಪ್ಲಾಯ್‌ಗೆ (ತಾಣವನ್ನು ಲೈವ್ ಮಾಡುವ ಹಂತ 9ಕ್ಕೆ) ಹೋಗಬೇಡಿ. ದೊಡ್ಡ ಅಕ್ಷರ, ಸಣ್ಣ ಅಕ್ಷರದ ತಪ್ಪು ಈ ಹಂತದಲ್ಲಿ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಫೈಲುಗಳನ್ನು ಇನ್ನೂ ವಿಂಡೋಸೇ ತೆಗೆದುಕೊಡುತ್ತಿದೆ. ಮುಂದಿನ ಹಂತ ಅದಕ್ಕಾಗಿ.

## ಹಂತ 8: ಪ್ರಿವ್ಯೂ ಚಾನೆಲ್

ಫೈರ್‌ಬೇಸ್ ಹೋಸ್ಟಿಂಗ್:ಚಾನೆಲ್:ಡಿಪ್ಲಾಯ್ ಪರೀಕ್ಷೆ

ಕೊನೆಯ ಪದ ನಿಮ್ಮ ಇಷ್ಟದ ಹೆಸರು, ಇಂಗ್ಲಿಷಿನಲ್ಲಿ. ಇದು ನಿಮ್ಮ ತಾಣವನ್ನು ನಿಜವಾದ ಸರ್ವರಿಗೇ ಏರಿಸುತ್ತದೆ, ಆದರೆ ತಾತ್ಕಾಲಿಕವಾದ ಬೇರೆ ವಿಳಾಸದಲ್ಲಿ. ನೀವು ಬೇರೆ ಹೇಳದಿದ್ದರೆ 7 ದಿನಗಳ ಬಳಿಕ ಅದು ತಾನಾಗಿ ಅಳಿಯುತ್ತದೆ. ಗರಿಷ್ಠ 30 ದಿನ ಇಡಬಹುದು. ನನ್ನ ಅನುಭವದಲ್ಲಿ ಇಡೀ ಸಾಧನದಲ್ಲಿ ಇಷ್ಟು ಉಪಯುಕ್ತವಾದ, ಇಷ್ಟು ಕಡಿಮೆ ಜನ ಬಳಸುವ ಸೌಲಭ್ಯ ಇನ್ನೊಂದಿಲ್ಲ.

ಆ ವಿಳಾಸವನ್ನು ಫೋನಿಗೆ ಕಳಿಸಿಕೊಳ್ಳಿ. ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆಯಿರಿ. ನಿಮ್ಮ ಅತಿಥಿಗಳು ತಾಣವನ್ನು ನೋಡುವುದು ಕುಶಾಲನಗರ ದಾಟಿ ಘಟ್ಟ ಹತ್ತುವ ಕಾರಿನಲ್ಲಿ ಕುಳಿತು, ನೆಟ್‌ವರ್ಕ್ ಬಂದು ಹೋಗುತ್ತಿರುವಾಗ. ದಾರಿಯ ನಕ್ಷೆ, ಫೋನ್ ಸಂಖ್ಯೆ ಆಗಲೂ ಬೇಗ ತೆರೆಯಬೇಕು. ಫೋಟೋ ಕಾಣದಿದ್ದರೆ ಹೆಸರಿನ ಅಕ್ಷರಗಳನ್ನು ತಿದ್ದಿ, ಅದೇ ಕಮಾಂಡನ್ನು ಮತ್ತೆ ಓಡಿಸಿ. ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುತ್ತದೆಯೇ, ವಾಟ್ಸ್‌ಆ್ಯಪ್ ಲಿಂಕ್ ನಿಮ್ಮ ಸಂಖ್ಯೆಗೇ ಹೋಗುತ್ತದೆಯೇ ನೋಡಿ. ಸಂಪರ್ಕ ಫಾರ್ಮ್ ಹಾಕಿದ್ದರೆ ಗಮನಿಸಿ: ಸ್ಥಿರ ತಾಣದಲ್ಲಿ ಫಾರ್ಮ್ ತಾನಾಗಿ ನಿಮಗೆ ಮಿಂಚಂಚೆ ಕಳಿಸುವುದಿಲ್ಲ. ಬೇರೆ ಸೇವೆಯೊಂದಕ್ಕೆ ಜೋಡಿಸದೆ ಬಿಟ್ಟ ಫಾರ್ಮಿನಲ್ಲಿ ಅತಿಥಿಗಳು ಬರೆದದ್ದು ಎಲ್ಲಿಗೂ ತಲುಪುವುದಿಲ್ಲ. ಫಾರ್ಮ್ ತೆಗೆದು ಫೋನ್ ಲಿಂಕ್ ಕೊಡುವುದು ಉತ್ತಮ.

## ಹಂತ 9: ಡಿಪ್ಲಾಯ್

ಫೈರ್‌ಬೇಸ್ ಡಿಪ್ಲಾಯ್ --ಓನ್ಲಿ ಹೋಸ್ಟಿಂಗ್

ಪರದೆಯ ಮೇಲೆ ಸಾಲುಗಳು ಓಡುತ್ತವೆ. ಅವುಗಳಲ್ಲಿ ಒಂದನ್ನು ಓದಲೇಬೇಕು: ಪಬ್ಲಿಕ್‌ನಲ್ಲಿ ಇಷ್ಟು ಫೈಲುಗಳು ಸಿಕ್ಕವು ಎಂಬ ಸಾಲು. ನಿಮ್ಮ ತಾಣದಲ್ಲಿ 40 ಫೈಲುಗಳಿದ್ದು ಪರದೆ 2 ಎಂದರೆ ಫೋಲ್ಡರ್ ತಪ್ಪಿದೆ. ಸಾವಿರಾರು ಎಂದರೆ ಬೇಡದ್ದೆಲ್ಲ ಹೋಗುತ್ತಿದೆ. ಕೂಡಲೇ ಕಂಟ್ರೋಲ್ ಸಿ ಒತ್ತಿ.

ಕೊನೆಗೆ ‘ಡಿಪ್ಲಾಯ್ ಕಂಪ್ಲೀಟ್’ ಮತ್ತು ಹೋಸ್ಟಿಂಗ್ ಯುಆರ್‌ಎಲ್ ಬಂದರೆ ತಾಣ ಲೈವ್ ಆಗಿದೆ.

ನಡುವೆ ಕರೆಂಟು ಹೋದರೆ? ಭಯಪಡಬೇಡಿ. ಎಲ್ಲ ಫೈಲುಗಳೂ ತಲುಪಿ ಹೊಸ ಆವೃತ್ತಿ ಪೂರ್ಣವಾಗುವವರೆಗೆ ಫೈರ್‌ಬೇಸ್ ಹಳೆಯದನ್ನೇ ತೋರಿಸುತ್ತಿರುತ್ತದೆ. ಅರ್ಧ ಹೊಸದು, ಅರ್ಧ ಹಳೆಯದು ಎಂಬ ಸ್ಥಿತಿ ಬರುವುದಿಲ್ಲ. ನೆಟ್‌ವರ್ಕ್ ಬಂದ ಮೇಲೆ ಅದೇ ಕಮಾಂಡ್ ಓಡಿಸಿ. ಈಗಾಗಲೇ ತಲುಪಿರುವ ಫೈಲುಗಳನ್ನು ಅದು ಮತ್ತೆ ಕಳಿಸುವುದಿಲ್ಲ.

ಬರಬಹುದಾದ ದೋಷಗಳು ಕೆಲವೇ. ‘ಫೈರ್‌ಬೇಸ್ ಆ್ಯಪ್ ಡೈರೆಕ್ಟರಿಯಲ್ಲಿ ಇಲ್ಲ’ ಎಂದರೆ ಕಪ್ಪು ಕಿಟಕಿ ಬೇರೆ ಫೋಲ್ಡರಿನಲ್ಲಿ ತೆರೆದಿದೆ. ‘ಪ್ರಾಜೆಕ್ಟ್ ಪಡೆಯಲಾಗಲಿಲ್ಲ’ ಅಥವಾ 403 ಎಂದರೆ ಲಾಗಿನ್ ಆದ ಖಾತೆಗೆ ಅನುಮತಿ ಇಲ್ಲ. ‘ಪಬ್ಲಿಕ್ ಡೈರೆಕ್ಟರಿ ಅಸ್ತಿತ್ವದಲ್ಲಿಲ್ಲ’ ಎಂದರೆ ಫೋಲ್ಡರಿನ ಹೆಸರು ಬದಲಾಗಿದೆ. ಆ್ಯಂಡ್ರಾಯ್ಡ್ ಆ್ಯಪಿನ ಎಪಿಕೆ ಫೈಲು ಪಬ್ಲಿಕ್‌ನಲ್ಲಿದ್ದರೆ ಉಚಿತ ಯೋಜನೆ ಅದನ್ನು ಒಪ್ಪುವುದಿಲ್ಲ.

ಡಿಪ್ಲಾಯ್ ಆದ ಮೇಲೂ ಹಳೆಯ ದರವೇ ಕಾಣುತ್ತಿದ್ದರೆ ಅದು ನಿಮ್ಮ ಬ್ರೌಸರಿನ ನೆನಪು. ಫೈರ್‌ಬೇಸ್ ಸಾಮಾನ್ಯವಾಗಿ ಒಂದು ಗಂಟೆ ಕಾಲ ಪುಟವನ್ನು ಇಟ್ಟುಕೊಳ್ಳಲು ಬ್ರೌಸರಿಗೆ ಹೇಳಿರುತ್ತದೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದು ಖಚಿತಪಡಿಸಿಕೊಳ್ಳಿ. ಇದನ್ನು ತಿಳಿಯದೆ ಹತ್ತಾರು ಸಲ ಡಿಪ್ಲಾಯ್ ಮಾಡಿ ಬೇಸತ್ತವರು ಅನೇಕರು.

## ಹಂತ 10: ಸ್ವಂತ ಡೊಮೇನ್

ಉಚಿತ ವಿಳಾಸವೇ ಸಾಕೆನ್ನುವವರು ಇದನ್ನು ಬಿಡಬಹುದು. ಡೊಮೇನ್ (ನಿಮ್ಮದೇ ಹೆಸರಿನ ವೆಬ್ ವಿಳಾಸ) ಕೊಳ್ಳುವವರು ಅದನ್ನು ತಮ್ಮ ಹೆಸರಿನಲ್ಲಿ, ತಮ್ಮ ಮಿಂಚಂಚೆಯಲ್ಲೇ ನೋಂದಾಯಿಸಿ.

ಕನ್ಸೋಲಿನ ಹೋಸ್ಟಿಂಗ್ ಪುಟದಲ್ಲಿ ಕಸ್ಟಮ್ ಡೊಮೇನ್ ಸೇರಿಸಿ ಎಂಬುದನ್ನು ಒತ್ತಿದರೆ ಅದು ಕೆಲವು ದಾಖಲೆಗಳನ್ನು ಕೊಡುತ್ತದೆ. ಅವನ್ನು ಡೊಮೇನ್ ಮಾರಿದವರ ಡಿಎನ್‌ಎಸ್ (ಡೊಮೇನ್ ಹೆಸರನ್ನು ತಾಣಕ್ಕೆ ಜೋಡಿಸುವ) ಪುಟದಲ್ಲಿ ಅಕ್ಷರಶಃ ನಮೂದಿಸಬೇಕು. ಟಿಎಕ್ಸ್‌ಟಿ ದಾಖಲೆ ಡೊಮೇನ್ ನಿಮ್ಮದೆಂದು ಸಾಬೀತುಪಡಿಸುತ್ತದೆ, ಎ ದಾಖಲೆ ತಾಣದತ್ತ ದಾರಿ ತೋರಿಸುತ್ತದೆ. ಅಲ್ಲಿ ಮೊದಲೇ ಇದ್ದ ಹಳೆಯ ಎ ದಾಖಲೆಗಳನ್ನು ತೆಗೆಯಿರಿ. ಉಳಿದರೆ ತಾಣ ಒಮ್ಮೆ ತೆರೆದು ಒಮ್ಮೆ ತೆರೆಯದೆ ಸತಾಯಿಸುತ್ತದೆ. ಎಂಎಕ್ಸ್ ದಾಖಲೆಗಳನ್ನು ಮಾತ್ರ ಮುಟ್ಟಬೇಡಿ, ಡೊಮೇನಿನ ಹೆಸರಿನ ಮಿಂಚಂಚೆ ನಿಂತಿರುವುದು ಅವುಗಳ ಮೇಲೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ, ಇಲ್ಲದ ಎರಡೂ ರೂಪಗಳನ್ನು ಸೇರಿಸಿ, ಒಂದನ್ನು ಇನ್ನೊಂದಕ್ಕೆ ತಿರುಗಿಸಿ.

ಭದ್ರತಾ ಪ್ರಮಾಣಪತ್ರ ಸಿದ್ಧವಾಗಲು 24 ಗಂಟೆವರೆಗೆ ಹಿಡಿಯಬಹುದು. ಅಷ್ಟರಲ್ಲಿ ಬ್ರೌಸರ್ ‘ಸುರಕ್ಷಿತವಲ್ಲ’ ಎಂದು ಹೇಳಿದರೆ ದಾಖಲೆಗಳನ್ನು ಅಳಿಸಿ ಮತ್ತೆ ಬರೆಯಲು ಹೋಗಬೇಡಿ, ಕಾಯುವಿಕೆ ಮೊದಲಿನಿಂದ ಶುರುವಾಗುತ್ತದೆ.

## ಎಡವಟ್ಟಾದರೆ ಹಿಂದಕ್ಕೆ

ತಪ್ಪು ದರ ಹಾಕಿ ಡಿಪ್ಲಾಯ್ ಮಾಡಿಬಿಟ್ಟಿರಿ, ಲ್ಯಾಪ್‌ಟಾಪ್ ಮನೆಯಲ್ಲಿದೆ, ನೀವು ಗೋಣಿಕೊಪ್ಪದ ಸಂತೆಯಲ್ಲಿದ್ದೀರಿ. ಫೋನಿನ ಬ್ರೌಸರಿನಲ್ಲಿ ಫೈರ್‌ಬೇಸ್ ಕನ್ಸೋಲ್ ತೆರೆದು ಹೋಸ್ಟಿಂಗ್‌ಗೆ ಹೋಗಿ. ಹಿಂದಿನ ಬಿಡುಗಡೆಗಳ ಪಟ್ಟಿ ದಿನಾಂಕ ಸಹಿತ ಇರುತ್ತದೆ. ಸರಿಯಾಗಿದ್ದ ಆವೃತ್ತಿಯ ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿ ರೋಲ್‌ಬ್ಯಾಕ್ ಆರಿಸಿ. ಹಳೆಯ ತಾಣ ಮರಳಿ ಬರುತ್ತದೆ.

ಆದರೆ ರೋಲ್‌ಬ್ಯಾಕ್ ಸರ್ವರಿನಲ್ಲಿರುವುದನ್ನು ಮಾತ್ರ ಬದಲಿಸುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಪಬ್ಲಿಕ್ ಫೋಲ್ಡರಿನಲ್ಲಿ ತಪ್ಪು ದರ ಹಾಗೇ ಇರುತ್ತದೆ. ಮನೆಗೆ ಹೋಗಿ ಅದನ್ನು ತಿದ್ದದೆ ಮುಂದಿನ ಸಲ ಡಿಪ್ಲಾಯ್ ಮಾಡಿದರೆ ಆ ತಪ್ಪೇ ಮತ್ತೆ ಲೈವ್ ಆಗುತ್ತದೆ. ಫೈಲನ್ನು ತಿದ್ದಿ, ಹಂತ 8ರ ಪ್ರಿವ್ಯೂ ನೋಡಿ, ಆಮೇಲೆ ಹಂತ 9.